ಲೋಹದ ಕವಚ ತೊಟ್ಟ ನಟ ಕೈ ಎತ್ತೋದು ಹೇಗೆ? ಬಹಮನಿ ಕಾಲದ ನಾಟಕಕ್ಕೆ ಸಲಹೆ ಬೇಕು

ರಂಗಪ್ರೇಮಿ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನನ ಮೇಲೆ ಒಂದು ನಾಟಕ ಕಟ್ಟುತ್ತಿದೆ. 1472ರಲ್ಲಿ ಬೀದರಿನ ಮದರಸಾ ಮುಗಿಯುವಲ್ಲಿಂದ ಶುರು. 1481ರ ಏಪ್ರಿಲ್‌ನಲ್ಲಿ ಕೊಂಡಪಲ್ಲಿ ಶಿಬಿರದಲ್ಲಿ ಅವನ ಕೊಲೆಯೊಂದಿಗೆ ಕೊನೆ. ನಡುವೆ ಯುದ್ಧದ ದೃಶ್ಯಗಳಿವೆ. ಸವಾರರಿಗೆ ಕವಚ ಬೇಕು ಅಂತ ತಗಡು ಕಾಯಿಸಿ, ಬಾಗಿಸಿ ಎದೆಗೂ ಬೆನ್ನಿಗೂ ಒಂದೊಂದು ಹಲಗೆ ಮಾಡಿಸಿದೆವು. ನೋಡಲು ಚೆನ್ನಾಗಿವೆ. ಆದರೆ ತೊಟ್ಟ ನಟ ಕತ್ತಿ ಎತ್ತಿದರೆ ಇಡೀ ಕವಚ ಮೇಲೆದ್ದು ಗಂಟಲಿಗೆ ಒತ್ತುತ್ತದೆ. ಕೂತರೆ ಕೆಳ ಅಂಚು ತೊಡೆಗೆ ಚುಚ್ಚುತ್ತದೆ. ಉದ್ದ ಮಾತು ಬಂದರೆ ಉಸಿರು ಸಾಲುವುದಿಲ್ಲ. ನಮ್ಮ ನಿರ್ದೇಶಕರು ಹೇಳುವುದು, ಆಗಿನವರೂ ಹೀಗೇ ಕಷ್ಟಪಡುತ್ತಿದ್ದರು, ಐವತ್ತು ಕಿಲೋ ಹೊತ್ತು ಹೋರಾಡುತ್ತಿದ್ದರು ಅಂತ. ನನಗೆ ಅದು ನಂಬಿಕೆ ಬರುತ್ತಿಲ್ಲ. ಕೈ ಎತ್ತಲು ಆಗದವನು ಯುದ್ಧದಲ್ಲಿ ಬದುಕುವುದು ಹೇಗೆ? ತಿಳಿದವರು ಹೇಳಿ.

ಕೋಟೆ ಅಲೆಮಾರಿ, ಬೀದರ್:
ನಿಮ್ಮ ಅನುಮಾನ ಸರಿ. ಐವತ್ತು ಕಿಲೋ ಅನ್ನುವುದು ಯುದ್ಧದ ಕವಚದ ಲೆಕ್ಕ ಅಲ್ಲ. ಯುರೋಪಿನಲ್ಲಿ ತಲೆಯಿಂದ ಪಾದದವರೆಗೆ ಉಕ್ಕು ಮುಚ್ಚಿಕೊಂಡ 15ನೇ ಶತಮಾನದ ಸವಾರನ ಯುದ್ಧದ ಕವಚವೂ ಸಾಮಾನ್ಯವಾಗಿ 20ರಿಂದ 25 ಕಿಲೋ. ಅದಕ್ಕಿಂತ ಭಾರದ್ದು ಇತ್ತು. ಆದರೆ ಅದು ಹೆಚ್ಚಾಗಿ ಈಟಿ ಹಿಡಿದು ಎದುರುಬದುರು ಕುದುರೆ ಓಡಿಸುವ ಪಂದ್ಯಕ್ಕೆ. ಅಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಓಡಾಡಬೇಕಿಲ್ಲ. ಕವಚ ತೊಟ್ಟ ಸವಾರನನ್ನು ರಾಟೆ ಕಟ್ಟಿ ಕುದುರೆ ಮೇಲೆ ಎತ್ತುತ್ತಿದ್ದರು ಅನ್ನುವ ಕಥೆಯೂ ಸುಳ್ಳು. ಫ್ರಾನ್ಸಿನ ಬೂಸಿಕೊ ಅನ್ನುವ ದಂಡನಾಯಕ ಕವಚ ತೊಟ್ಟೇ ಲಾಗ ಹಾಕುತ್ತಿದ್ದ, ಏಣಿಯ ಒಳಮಗ್ಗುಲಿಂದ ಬರೀ ಕೈಯಲ್ಲಿ ಜೋತು ಮೇಲೆ ಹತ್ತುತ್ತಿದ್ದ ಅಂತ ಅವನ ಕಾಲದವರೇ ಬರೆದಿದ್ದಾರೆ.

ಇನ್ನೊಂದು ಮಾತು. ಎದೆಗೆ ಒಂದೇ ದೊಡ್ಡ ಹಲಗೆ ಅನ್ನುವುದೇ ನಮ್ಮ ಕಡೆಯದ್ದಲ್ಲ. ಗವಾನನ ಕಾಲದ ಬೀದರನ್ನು ಕಣ್ಣಾರೆ ನೋಡಿ ಬರೆದವನು ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. ಕುದುರೆ ಮಾರಲು ಬಂದವನು. ಇರಾನ್ ಕಡೆಯಿಂದ ಬಂದ ಖುರಾಸಾನಿ ಸವಾರರು ಪೂರ್ತಿ ಕವಚದಲ್ಲಿರುತ್ತಾರೆ, ಅವರ ಕುದುರೆಗೂ ಕವಚ ಅಂತ ಅವನು ಬರೆಯುತ್ತಾನೆ. ಆನೆಗಳಿಗೆ ಉಕ್ಕಿನ ಹೊದಿಕೆ, ಸೊಂಡಿಲಿಗೂ ದಂತಕ್ಕೂ ದೊಡ್ಡ ಕತ್ತಿ, ಮೇಲೆ ಅಂಬಾರಿಯಲ್ಲಿ ಕವಚ ತೊಟ್ಟ 12 ಜನ. ಇದೇ ನಿಕಿತಿನ್ ಊರಿನ ಕಾಲಾಳುಗಳ ಬಗ್ಗೆ ಹೇಳುವುದು ಬೇರೆ. ಅವರು ಬರಿಮೈ, ಬರಿಗಾಲು. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ, ಕೆಲವರಿಗೆ ಬಿಲ್ಲು. ನಿಮ್ಮ ರಂಗದ ಮೇಲೆ ಈ ಎರಡೂ ಕಾಣಬೇಕು. ಎಲ್ಲರಿಗೂ ಕವಚ ಹಾಕಿದರೆ ಬೀದರ್ ಹೋಗಿ ಬೇರೆ ಯಾವುದೋ ದೇಶ ಆಗುತ್ತದೆ.

ಆ ಸವಾರರ ಕವಚ ಎಂಥದ್ದು? ಸರಪಳಿ ಉಂಗುರದ ಅಂಗಿ, ಅಂದರೆ ಜಿರಾ. ಅಥವಾ ಉಂಗುರಗಳ ನಡುವೆ ಎದೆಗೆ, ಬೆನ್ನಿಗೆ, ಪಕ್ಕೆಗೆ ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಕೂಡಿಸಿದ ಬಖ್ತರ್. ಪಟ್ಟಿ ಇರುವುದು ಏಟು ಬೀಳುವ ಕಡೆ. ಬಾಗುವ ಕಡೆ ಎಲ್ಲಾ ಉಂಗುರ. ಭುಜ, ಕಂಕುಳು, ಸೊಂಟ ಎಲ್ಲೂ ಲೋಹ ತಡೆಯುವುದಿಲ್ಲ. ಗವಾನ ಬಂದಿದ್ದು ಇರಾನಿನ ಗಿಲಾನ್‌ನಿಂದ. ಆ ಕಾಲದ ಇರಾನ್, ತುರ್ಕಿ ಕಡೆ ಇದೇ ಬಗೆಯ ಕವಚ ಬಳಕೆಯಲ್ಲಿತ್ತು. ಎದೆ, ಬೆನ್ನು, ಎರಡು ಪಕ್ಕೆಗೆ ನಾಲ್ಕು ಹಲಗೆ ಕಟ್ಟುವ ಚಾರ್ ಆಯಿನಾ ಚಿತ್ರಗಳಲ್ಲಿ ಭಾಳ ಕಾಣುತ್ತದೆ. ಆದರೆ ಅದು ಹೆಚ್ಚಾಗಿ 16ನೇ ಶತಮಾನದ ಮೇಲಿನದು. ಗವಾನನ ನಾಟಕಕ್ಕೆ ಅದು ಬೇಡ.

ಹೊಲಿಗೆಮನೆ, ಯಾದಗಿರಿ:
ನಾನು ಇತಿಹಾಸ ಓದಿದವನಲ್ಲ. ಮೂರು ತಲೆಮಾರಿನಿಂದ ಬಟ್ಟೆ ಹೊಲಿಯುವ ಮನೆ ನಮ್ಮದು. ನಿಮ್ಮ ಸಮಸ್ಯೆ ಕೇಳಿದ ಕೂಡಲೇ ಗೊತ್ತಾಯಿತು, ಅದು ಭಾರದ್ದಲ್ಲ, ಕತ್ತರಿಯದ್ದು.

ಕೈ ಎತ್ತಿದರೆ ಅಂಗಿ ಮೇಲೇಳುವುದು ಯಾವಾಗ? ಕಂಕುಳು ಕೆಳಗೆ ಇಳಿದಿದ್ದಾಗ. ಸಡಿಲ ಇದ್ದರೆ ಆರಾಮ ಅಂತ ಜನ ಕಂಕುಳು ದೊಡ್ಡದು ಮಾಡಿಸುತ್ತಾರೆ. ಅದು ಉಲ್ಟಾ. ಕಂಕುಳ ರಂಧ್ರ ಸಣ್ಣದಾಗಿ, ತೋಳಿನ ಬುಡಕ್ಕೆ ಹತ್ತಿರ ಇದ್ದರೆ ತೋಳು ಮಾತ್ರ ಎದ್ದೇಳುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಹಳೇ ಕಾಲದ ಅಂಗಿ, ಜುಬ್ಬಾಗಳಲ್ಲಿ ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸುತ್ತಿದ್ದರು. ಅದನ್ನು ಮೂಲೆ ಮೇಲಾಗಿ ಕೂಡಿಸಿದರೆ ಕೈ ನೆಟ್ಟಗೆ ಆಕಾಶಕ್ಕೆ ಎತ್ತಬಹುದು, ಸೆರಗು ಒಂದು ಬೆರಳೂ ಮೇಲೇಳದು. ಒಳಗೆ ಹಾಕುವ ಹತ್ತಿ ಅಂಗಿಗೆ ಅದನ್ನು ಕೂಡಿಸಿ.

ತಗಡಿನ ಹಲಗೆಯನ್ನು ಬಿಡಲು ಮನಸ್ಸಿಲ್ಲ ಅಂದರೆ ಎರಡು ಕಡೆ ಕತ್ತರಿಸಿ. ಒಂದು, ಭುಜದ ಮುಂದೆ. ನಟ ಎರಡೂ ಕೈಯನ್ನು ಎದೆ ಮೇಲೆ ಕಟ್ಟಿಕೊಂಡಾಗ ತೋಳು ಎಲ್ಲಿ ತಾಗುತ್ತದೋ ಅಲ್ಲಿಯವರೆಗೆ ಲೋಹ ಬೇಡ. ಎರಡು, ಕೆಳ ಅಂಚು. ಅದು ಹೊಕ್ಕುಳಿನ ಕೆಳಗೆ ಹೋಗಿದೆ, ಅಲ್ವಾ? ಅದಕ್ಕೇ ಕೂತಾಗ ಚುಚ್ಚುತ್ತದೆ. ಪಕ್ಕಕ್ಕೆ ಬಾಗಿದಾಗ ಮೈ ಮಡಿಯುವ ಜಾಗ ಇದೆಯಲ್ಲ, ಪಕ್ಕೆಲುಬಿನ ಕೆಳಗೆ, ಅಲ್ಲಿಗೇ ನಿಲ್ಲಬೇಕು.

ಕೋಟೆ ಅಲೆಮಾರಿ, ಬೀದರ್:
ಇದನ್ನು ಓದಿ ಭಾಳ ಖುಷಿಯಾಯಿತು. ಯುರೋಪಿನ ಹಳೇ ಎದೆಗವಚಗಳು ಹೀಗೇ ಇವೆ. ಉಕ್ಕು ನಿಲ್ಲುವುದು ನಡು ಸಣ್ಣ ಆಗುವ ಜಾಗಕ್ಕೆ. ಅಲ್ಲಿಂದ ಕೆಳಗೆ ಒಂದರ ಮೇಲೊಂದು ಜಾರುವ ಪಟ್ಟಿಗಳು. ಸಿನಿಮಾ ಕವಚಗಳು ಹೊಟ್ಟೆ ಮುಚ್ಚಿ ಕೆಳಗಿಳಿಯುತ್ತವೆ, ಅದಕ್ಕೇ ಆ ನಟರು ಮರದ ಬೊಂಬೆಯಂತೆ ನಡೆಯುತ್ತಾರೆ.

ನಮ್ಮ ಬಖ್ತರ್‌ನಲ್ಲಿ ಇನ್ನೊಂದು ಅನುಕೂಲ. ಅದು ಮುಂದೆ ಬಿಚ್ಚುತ್ತದೆ, ಕೊಂಡಿ ಹಾಕಿ ಮುಚ್ಚುವುದು. ತಲೆಯ ಮೇಲಿಂದ ಎಳೆದುಕೊಳ್ಳುವ ಜಿರಾ ಆದರೆ ಬಿಚ್ಚುವಾಗ ಸೊಂಟ ಬಾಗಿಸಿ ಕೈ ಚಾಚಿ ಮೈ ಕೊಡವಬೇಕು, ಆಗ ಜಾರಿ ನೆಲಕ್ಕೆ ಬೀಳುತ್ತದೆ. ಗಾಯಗೊಂಡವನಿಗೆ ಅದು ಆಗುವ ಕೆಲಸ ಅಲ್ಲ. ಮುಂದೆ ಬಿಚ್ಚುವುದನ್ನು ಗೆಳೆಯ ಬಂದು ಬಿಚ್ಚಬಹುದು. ಕೆಳ ಸೆರಗು ಸೀಳಿರುವುದೂ ಸುಮ್ನೆ ಅಲಂಕಾರಕ್ಕಲ್ಲ. ಸವಾರ ಕೂತಾಗ ಎರಡು ತೊಡೆಯ ಮೇಲೂ ಬೇರೆ ಬೇರೆ ಬೀಳಲಿ ಅಂತ.

ನೋವು ನಡಿಗೆ, ಕಲಬುರಗಿ:
ನಾನು ಫಿಜಿಯೋಥೆರಪಿ ಮಾಡುವವಳು. ಭಾರದ ವಿಷಯ ಅಷ್ಟು ಬೇಗ ಬಿಡಬೇಡಿ. ಕವಚ ತೊಟ್ಟು ನಡೆಯಬಹುದು ಅನ್ನುವುದು ಬೇರೆ, ಎಷ್ಟು ಹೊತ್ತು ಅನ್ನುವುದು ಬೇರೆ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 15ನೇ ಶತಮಾನದ ಮಾದರಿಯಲ್ಲಿ ಮಾಡಿದ ಪೂರ್ತಿ ಉಕ್ಕಿನ ಕವಚ, ತೂಕ ಅವರ ಲೆಕ್ಕದಲ್ಲಿ 30ರಿಂದ 50 ಕಿಲೋ, ಮೇಲೆ ಹೇಳಿದ್ದಕ್ಕಿಂತ ಜಾಸ್ತಿಯೇ. ಅದನ್ನು ತೊಟ್ಟು ಅಭ್ಯಾಸ ಇದ್ದವರನ್ನೇ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಓಡಿಸಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಅಷ್ಟೇ ಭಾರವನ್ನು ಬೆನ್ನಿಗೆ ಹೊತ್ತಿದ್ದರೆ ಇಷ್ಟು ಶಕ್ತಿ ಬೇಕಾಗುತ್ತಿರಲಿಲ್ಲ. ಕಾರಣ ಕಾಲು. ಕಾಲಿಗೇ 7-8 ಕಿಲೋ ಉಕ್ಕು ಕಟ್ಟಿದರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು. ಮೈಯ ನಡುಭಾಗದ ಒಂದು ಕಿಲೋಗೂ ಪಾದದ ಹತ್ತಿರದ ಒಂದು ಕಿಲೋಗೂ ಭಾಳ ವ್ಯತ್ಯಾಸ ಇದೆ. ಆದ್ದರಿಂದ ನಿಮ್ಮ ನಟರಿಗೆ ಮೊಣಕಾಲಿನ ಕೆಳಗೆ ಲೋಹ ಕಟ್ಟಲೇಬೇಡಿ.

ಅದೇ ಪ್ರಯೋಗದಲ್ಲಿ ಉಸಿರಿನ ವಿಷಯವೂ ಇತ್ತು. ಎದೆ ಹಲಗೆ ಬಿಗಿಯಾಗಿದ್ದುದರಿಂದ ಅವರಿಗೆ ಆಳವಾಗಿ ಉಸಿರೆಳೆಯಲು ಆಗಲಿಲ್ಲ. ಮೇಲುಮೇಲೆ, ಬೇಗಬೇಗ ಉಸಿರಾಡಿದರು. ನಿಮ್ಮ ನಟನಿಗೆ ಆಗುತ್ತಿರುವುದೂ ಅದೇ. ಉಂಗುರದ ಅಂಗಿ ಹಾಗಲ್ಲ. ಹೆಣೆದ ಉಂಗುರ ಒಂದು ದಿಕ್ಕಿಗೆ ಹಿಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಅಷ್ಟಾಗಿ ಹಿಗ್ಗುವುದಿಲ್ಲ. ಹಿಗ್ಗುವ ದಿಕ್ಕು ಎದೆಯ ಅಡ್ಡಕ್ಕೆ ಬಂದರೆ ಉಸಿರಿಗೆ ತಡೆ ಇಲ್ಲ.

ಆದರೆ ಉಂಗುರದ ಅಂಗಿಗೆ ತನ್ನದೇ ಕಾಟ ಇದೆ. ತೊಡೆವರೆಗಿನ ಜಿರಾ ಅಂದರೆ 10ರಿಂದ 15 ಕಿಲೋ, ಪೂರ್ತಿ ಭಾರ ಎರಡು ಭುಜದ ಮೇಲೆ. ಕತ್ತು ಮತ್ತು ಭುಜದ ನಡುವಿನ ಸ್ನಾಯು ಹಿಡಿದುಕೊಳ್ಳುತ್ತದೆ. ಜಾಸ್ತಿ ಹೊತ್ತಾದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಅದಕ್ಕೆ ಮದ್ದು ಒಂದು ಗಟ್ಟಿ ನಡುಪಟ್ಟಿ. ಅಂಗಿಯನ್ನು ಸ್ವಲ್ಪ ಮೇಲಕ್ಕೆ ಎಳೆದು, ಸೊಂಟದ ಎಲುಬಿನ ಮೇಲೆ ಪಟ್ಟಿ ಬಿಗಿದು, ಎಳೆದ ಭಾಗವನ್ನು ಪಟ್ಟಿಯ ಮೇಲೆ ಜೋತು ಬಿಡಬೇಕು. ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ. ನೀರಿನ ಕೊಡವನ್ನು ನಮ್ಮ ಹೆಣ್ಣುಮಕ್ಕಳು ಸೊಂಟದ ಮೇಲೆ ಕೂರಿಸುವ ಲೆಕ್ಕವೇ ಇದು.

ಮಾಜಿ ಸೈನಿಕ, ಹುಮನಾಬಾದ್:
ತಾಯಿ, ಇದು ನೂರಕ್ಕೆ ನೂರು ಸತ್ಯ. ಹತ್ತು ಕಿಲೋ ಆಸುಪಾಸಿನ ಬುಲೆಟ್‌ಪ್ರೂಫ್ ಜಾಕೆಟ್ ಹಾಕಿ ಕಾವಲು ನಿಂತವನು ನಾನು. ಭುಜದ ನೋವು ಗೊತ್ತು. ಸೊಂಟದ ಪಟ್ಟಿ ಬಿಗಿದಾಗಿನ ಸುಖವೂ ಗೊತ್ತು. ಆದರೆ ಯಾರೂ ಇನ್ನೂ ದೊಡ್ಡ ವಿಷಯ ಎತ್ತಿಲ್ಲ. ಬಿಸಿಲು!

ಭಾರಕ್ಕೆ ಮೈ ಒಗ್ಗುತ್ತದೆ. ಸೆಕೆಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಜಾಕೆಟ್ ಒಳಗೆ ಗಾಳಿ ಇಲ್ಲ. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆರದ ಬೆವರಿನಿಂದ ಮೈ ತಂಪಾಗದು. ಇನ್ನು ಆ ಕಾಲದವರು ಉಂಗುರದ ಕೆಳಗೆ ಹತ್ತಿ ತುಂಬಿದ ದಪ್ಪ ಅಂಗಿ ಹಾಕಲೇಬೇಕಿತ್ತು. ಅದಿಲ್ಲದಿದ್ದರೆ ಕತ್ತಿ ಸೀಳದಿದ್ದರೂ ಏಟಿಗೆ ಎಲುಬು ಮುರಿಯುತ್ತದೆ. ಬೇಸಿಗೆಯಲ್ಲಿ ರಜಾಯಿ ಹೊದ್ದು, ಮೇಲೆ ಕಬ್ಬಿಣ ಹಾಕಿ ನಿಂತ ಹಾಗಾಯಿತು. ಆ ಕಷ್ಟವನ್ನು ನಿಮ್ಮ ನಾಟಕ ತೋರಿಸಲಿ. ಸೈನಿಕನ ಬದುಕಿನಲ್ಲಿ ಕತ್ತಿ ಝಳಪಿಸುವುದು ಕಡಿಮೆ. ನಿಂತು ಕಾಯುವುದೇ ಜಾಸ್ತಿ.

ನೋವು ನಡಿಗೆ, ಕಲಬುರಗಿ:
ಸೈನಿಕರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ನಮ್ಮ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದರೆ ಸುತ್ತಲಿನ ಗಾಳಿ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ. ಆಗ ಉಳಿಯುವ ದಾರಿ ಬೆವರು ಆರುವುದು ಒಂದೇ. ಕವಚ ತೊಟ್ಟವನು ಎರಡು ಪಟ್ಟು ಶಕ್ತಿ ಸುಡುತ್ತಾನೆ, ಅಂದರೆ ಒಳಗೆ ಹುಟ್ಟುವ ಕಾವೂ ಸುಮಾರು ಅಷ್ಟೇ ಏರುತ್ತದೆ. ಬೆವರಿನ ದಾರಿಯೂ ಮುಚ್ಚಿದೆ. ಗಟ್ಟಿಮುಟ್ಟಾದ ಆಳು ಕೂಡ ಬೇಗ ಕುಸಿಯುತ್ತಾನೆ. ರಿಹರ್ಸಲ್‌ನಲ್ಲಿ ತಲೆ ಸುತ್ತು, ವಾಕರಿಕೆ, ಮಾತು ತೊದಲುವುದು ಯಾವುದು ಕಂಡರೂ ಕೂಡಲೇ ಕವಚ ಬಿಚ್ಚಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ತೊದಲುತ್ತಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ದೃಶ್ಯ ಆಮೇಲೆ ನೋಡಿಕೊಳ್ಳಬಹುದು.

ಕೋಟೆ ಅಲೆಮಾರಿ, ಬೀದರ್:
ಬಿಸಿಲಿನ ಮಾತಿಗೆ ನಮ್ಮ ಪಕ್ಕದ ರಾಯಚೂರೇ ಸಾಕ್ಷಿ. ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹರ ಯುದ್ಧ 1520ರ ಮೇ ತಿಂಗಳಿನದ್ದು. ಆ ಸುಡು ಬಿಸಿಲಲ್ಲಿ! ಅದೇ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಸೈನಿಕರ ಅಂಗಿಗಳನ್ನು ವಿವರಿಸಿದ್ದಾನೆ. ಗಟ್ಟಿ ಹಸಿ ತೊಗಲಿನ ಪದರಗಳು, ಬಲಕ್ಕೆ ಕಬ್ಬಿಣದ ಪಟ್ಟಿಗಳು. ಕತ್ತು ಮುಚ್ಚುವ ಅಂಚಿನ ಶಿರಸ್ತ್ರಾಣ. ಅಂದರೆ ಈ ನೆಲದಲ್ಲಿ ಕವಚ ಅಂದರೆ ಬರೀ ಲೋಹ ಆಗಿರಲಿಲ್ಲ. ಬಟ್ಟೆ, ತೊಗಲು ಜಾಸ್ತಿ, ಬೇಕಾದ ಕಡೆ ಮಾತ್ರ ಕಬ್ಬಿಣ. ಆ ಯುದ್ಧದಲ್ಲಿ ಸೋತ ದಂಡನ್ನು ಕೃಷ್ಣಾ ನದಿಗೆ ಅಟ್ಟಿದರು, ಭಾಳ ಜನ ನೀರಲ್ಲೇ ಸತ್ತರು. ಸುಲ್ತಾನ ಆನೆ ಏರಿ ಹೊಳೆ ದಾಟಿ ಉಳಿದುಕೊಂಡ.

ಸಗರ ನಾಡು, ಸುರಪುರ:
ಎಲ್ಲರೂ ಕವಚದ ಅನುಕೂಲ ಹೇಳುತ್ತಿದ್ದೀರಿ. ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಕವಚ ತೊಡದೇ ಇರುವುದೂ ಯುದ್ಧ ವಿದ್ಯೆಯೇ.

ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ. ಹೆಚ್ಚಿನವುಗಳಲ್ಲಿ ವೀರ ಬರಿಮೈ. ಕಚ್ಚೆ, ಕತ್ತಿ, ಗುರಾಣಿ, ಇಲ್ಲವೇ ಬಿಲ್ಲು. ಶಿಲ್ಪಿಗೆ ಒಂದು ರೂಢಿ ಇರಬಹುದು, ಒಪ್ಪುತ್ತೇನೆ. ಆದರೆ ನಿಕಿತಿನ್ ಕಂಡ ಕಾಲಾಳೂ ಹಾಗೇ ಇದ್ದ ಅಂತ ಮೇಲೆ ಬಂತಲ್ಲ. ಬರಿಗಾಲಲ್ಲಿ ಕಲ್ಲು ಗುಡ್ಡ ಹತ್ತುವವನಿಗೆ ಗುರಾಣಿಯೇ ಕವಚ. ಬೇಕಾದಾಗ ಬೇಕಾದ ಕಡೆ ಹಿಡಿಯಬಹುದು, ಬೇಡ ಅಂದಾಗ ಬೆನ್ನಿಗೆ ಹಾಕಬಹುದು, ಮೈಗೆ ಗಾಳಿ ಆಡುತ್ತದೆ. 1705ರಲ್ಲಿ ಔರಂಗಜೇಬ್ ತಾನೇ ಬಂದು ನಮ್ಮ ಸುರಪುರದ ಹತ್ತಿರದ ವಾಗಿನಗೇರಿ ಕೋಟೆಯನ್ನು ಮುತ್ತಿದ. ಅವನು ಖುದ್ದಾಗಿ ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಅಷ್ಟು ದೊಡ್ಡ ದಂಡನ್ನು ತಿಂಗಳುಗಟ್ಟಲೆ ತಡೆದವರು ನಮ್ಮ ಬೇಡರು. ಅವರ ಹೆಸರು ಕೋವಿಗೆ, ಗುರಿಗೆ. ಬಂಡೆಗಳ ನಡುವೆ ನುಸುಳಿ ಹೊಡೆಯುವವನಿಗೆ ಹದಿನೈದು ಕಿಲೋ ಉಂಗುರ ಯಾಕೆ ಬೇಕು?

ಕೋಟೆ ಅಲೆಮಾರಿ, ಬೀದರ್:
ಕೋವಿ ಬಂದಮೇಲೆ ಲೆಕ್ಕ ಬದಲಾಯಿತು, ಅದು ನಿಜ. ಗುಂಡು ತಡೆಯಬೇಕಾದರೆ ಉಕ್ಕು ದಪ್ಪ ಆಗಬೇಕು. ದಪ್ಪ ಆದರೆ ಭಾರ. ಯುರೋಪಿನಲ್ಲಿ ಎದೆ ಹಲಗೆಗೆ ಗುಂಡು ಹೊಡೆದು, ಬಿದ್ದ ತಗ್ಗನ್ನೇ ಗಟ್ಟಿತನದ ಗುರುತಾಗಿ ತೋರಿಸಿ ಮಾರುತ್ತಿದ್ದರು. ಭಾರ ಏರಿದ ಹಾಗೆ ಮೊದಲು ಕಾಲಿನ ಕವಚ ಬಿಟ್ಟರು, ಆಮೇಲೆ ತೋಳಿನದು. ಆದರೆ 1470ರಲ್ಲಿ ಸವಾರನಿಗೆ ಮುಖ್ಯ ಭಯ ಬಾಣ ಮತ್ತು ಕತ್ತಿ. ಅವೆರಡರ ಮುಂದೆ ಬಖ್ತರ್ ಒಳ್ಳೆಯ ಆಯ್ಕೆ. ಸವಾರನ ಭಾರವನ್ನು ಹೊರುವುದು ಕುದುರೆ, ಕಾಲಾಳಿನದನ್ನು ಅವನ ಕಾಲು. ಹಾಗಾಗಿ ನೀವೂ ಸರಿ, ನಾನೂ ಸರಿ ಅನ್ನುವುದಕ್ಕಿಂತ, ಆಳು ಯಾವ ಕೆಲಸದವನು ಅಂತ ಮೊದಲು ಕೇಳಬೇಕು ಅಂತ ನನ್ನ ಅಭಿಪ್ರಾಯ.

ಹೊಸಬ, ಭಾಲ್ಕಿ:
ಒಂದು ಪ್ರಶ್ನೆ. ಬೀದರ್ ಅಂದಮೇಲೆ ಬಿದರಿ ಕೆಲಸದ ಕವಚ ತೋರಿಸಬಹುದಾ? ಕಪ್ಪು ಹಿನ್ನೆಲೆ, ಬೆಳ್ಳಿ ಹೂಬಳ್ಳಿ, ರಂಗದ ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ.

ಕೋಟೆ ಅಲೆಮಾರಿ, ಬೀದರ್:
ಕವಚಕ್ಕೆ ಬೇಡ. ಬಿದರಿಯದ್ದು ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಎರಕ. ಕೋಟೆಯ ಮಣ್ಣು ಹಚ್ಚಿದಾಗ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಆದರೆ ಅದು ಬೇಗ ಒಡೆಯುವ ಲೋಹ, ಬಡಿದು ತೆಳು ಹಾಳೆ ಮಾಡಲಾಗದು. ಏಟು ತಡೆಯುವ ಕೆಲಸ ಅದರದ್ದಲ್ಲ. ಬಖ್ತರ್‌ನ ಪಟ್ಟಿಗಳ ಮೇಲೆ ಕೆತ್ತನೆ ತೋರಿಸಿ, ಸಾಕು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಆಯುಧ, ಕವಚಗಳ ವಿಭಾಗ ಇದೆ. ಬೀದರಿನಿಂದ ಹೋಗಿ ಸಂಜೆಗೆ ವಾಪಸ್ ಬರಬಹುದು. ನಟರನ್ನೂ ಕರೆದುಕೊಂಡು ಹೋಗಿ. ಕೀಲು ಇರುವ ಕಡೆ ಉಂಗುರ ಹೇಗೆ ಬಿಟ್ಟಿದ್ದಾರೆ ಅಂತ ಅವರೇ ನೋಡಲಿ.

ರಂಗಪ್ರೇಮಿ, ಕಲಬುರಗಿ:
ಎಲ್ಲರಿಗೂ ದೊಡ್ಡ ಶರಣು. ನಿರ್ದೇಶಕರು ಇದನ್ನೆಲ್ಲಾ ಕೂತು ಓದಿದರು. ತಗಡಿನ ಕೆಳ ಅಂಚು ಕತ್ತರಿಸಿ ಒಬ್ಬ ನಟನಿಗೆ ತೊಡಿಸಿದೆವು. ಆರಾಮಾಗಿ ಕೂತ, ಎದ್ದ. ಅದನ್ನು ನೋಡಿದ ಮೇಲೆ ಬಖ್ತರ್ ಮಾದರಿಗೇ ಹೋಗೋಣ ಅಂದರು. ಉಂಗುರಕ್ಕೆ ಅಲ್ಯೂಮಿನಿಯಂ ತಂತಿ, ಎದೆಯ ಪಟ್ಟಿಗೆ ಅದೇ ತಗಡನ್ನು ಸಣ್ಣಗೆ ಕತ್ತರಿಸುತ್ತೇವೆ. ಎರಡು ಪ್ರಶ್ನೆ ಉಳಿದಿವೆ. ಅಲ್ಯೂಮಿನಿಯಂ ಹಗುರ, ಅದರಿಂದ ನಡಿಗೆ ಸುಳ್ಳಾಗಿ ಕಾಣುವುದಿಲ್ಲವೇ? ಇನ್ನೊಂದು, ಕೊನೆಯ ದೃಶ್ಯದಲ್ಲಿ ಕೊಂಡಪಲ್ಲಿಯ ಡೇರೆಯೊಳಗೆ ಕಾವಲಿನವರಿಗೆ ಕವಚ ಬೇಕಾ?

ಮಾಜಿ ಸೈನಿಕ, ಹುಮನಾಬಾದ್:
ಮೊದಲ ಪ್ರಶ್ನೆಗೆ: ನಡುಪಟ್ಟಿಯ ಒಳಗೆ, ಸೊಂಟದ ಸುತ್ತ, ಮರಳಿನ ಸಣ್ಣ ಚೀಲ ಹೊಲಿಸಿ. ಎರಡು ಮೂರು ಕಿಲೋ ಸಾಕು. ಭಾರ ಹೊತ್ತವನು ಕಾಲು ಸ್ವಲ್ಪ ಅಗಲಿಸಿ ನಿಲ್ಲುತ್ತಾನೆ, ತಿರುಗುವಾಗ ಕತ್ತು ಮಾತ್ರ ತಿರುಗಿಸದೆ ಮೈ ಸಮೇತ ತಿರುಗುತ್ತಾನೆ. ಕುಳಿತವನು ಏಳುವಾಗ ಮುಂದೆ ಬಾಗಿ ಏಳುತ್ತಾನೆ. ಇಷ್ಟು ಕಲಿಸಿದರೆ ನೋಡುವವರಿಗೆ ಅದು ಉಕ್ಕೇ.

ಕೋಟೆ ಅಲೆಮಾರಿ, ಬೀದರ್:
ಎರಡನೆಯದಕ್ಕೆ: ಬೇಡ ಅಂತ ನನ್ನ ಮತ. ಕವಚ ಇರುವುದು ಯುದ್ಧಕ್ಕೆ. ಉಳಿದ ಹೊತ್ತು ಅದು ಸಾಮಾನಿನ ಜೊತೆ ಗಾಡಿಯಲ್ಲಿ, ಒಂಟೆ ಮೇಲೆ ಬರುತ್ತದೆ. ಏಪ್ರಿಲ್ ತಿಂಗಳ ತೆಲುಗು ನಾಡಿನ ಸೆಕೆಯಲ್ಲಿ, ಸುಲ್ತಾನನ ಡೇರೆಯೊಳಗೆ ಕಾವಲಿನವನಿಗೆ ತೆಳು ಅಂಗಿ, ನಡುಪಟ್ಟಿ, ಕತ್ತಿ ಸಾಕು. ಗವಾನನೂ ವಯಸ್ಸಾದವನು, ಬಟ್ಟೆಯಲ್ಲೇ ಬರಲಿ. ಹಿಂದಿನ ದೃಶ್ಯಗಳಲ್ಲಿ ಉಕ್ಕು ಕಂಡವರಿಗೆ ಇಲ್ಲಿ ಬರೀ ಹತ್ತಿ ಬಟ್ಟೆಯ ಕತ್ತು ಕಂಡರೆ ಅದೇ ಭಯ ಹುಟ್ಟಿಸುತ್ತದೆ. ಹಾಂ, ಯುದ್ಧದ ದೃಶ್ಯದ ಶಿರಸ್ತ್ರಾಣ ಮುಖ ಮುಚ್ಚುವುದು ಬೇಡ. ಮುಂದೆ ಮೂಗಿಗೆ ಒಂದು ಪಟ್ಟಿ, ಹಿಂದೆ ಕುತ್ತಿಗೆಗೆ ಉಂಗುರದ ಜಾಲರಿ, ಒಳಗೆ ಬಟ್ಟೆ ಸುತ್ತಲು ಜಾಗ. ಮಾತು ಕೇಳುತ್ತದೆ, ಮುಖ ಕಾಣುತ್ತದೆ.

ಹೊಲಿಗೆಮನೆ, ಯಾದಗಿರಿ:
ಒಳ ಅಂಗಿಗೆ ಹತ್ತಿ ಜಾಸ್ತಿ ತುಂಬಬೇಡಿ. ಭುಜದ ಮೇಲೆ ದಪ್ಪ, ಎದೆಗೆ ಮಧ್ಯಮ, ಕಂಕುಳಲ್ಲಿ ಮತ್ತು ಮೊಣಕೈ ಒಳಗೆ ಬರೀ ಬಟ್ಟೆ. ಅಲ್ಲೇ ಬೆವರು ಆರುವುದು, ಅಲ್ಲೇ ಮೈ ಮಡಿಯುವುದು. ಪ್ರತಿ ನಟನ ಎದೆ ಸುತ್ತಳತೆಯನ್ನು ಉಸಿರು ತುಂಬಿಕೊಂಡಾಗ ತೆಗೆಯಿರಿ, ಬಿಟ್ಟಾಗ ಅಲ್ಲ. ತೋಳಿನ ಬುಡದ ಸುತ್ತಳತೆ, ಕತ್ತಿನ ಬುಡದಿಂದ ನಡು ಮಡಿಯುವ ಜಾಗದವರೆಗಿನ ಉದ್ದ, ಇವೂ ಬೇಕು. ಇಲ್ಲೇ ಬರೆದು ಹಾಕಿ. ಕಾಗದದ ಕಟಿಂಗ್ ಮಾಡಿ ಬಸ್ಸಿಗೆ ಹಾಕಿ ಕಳಿಸುತ್ತೇನೆ. ದುಡ್ಡು ಬೇಡ, ನಾಟಕಕ್ಕೆ ಕರೆಯಿರಿ.